ಎಡಕ್ಕೆ ನಡೆದ ಗಿಳಿಗಳು

ನಮ್ಮ ಮನೆಯಲ್ಲಿ ಯಾರನ್ನೂ ಸುಮ್ಮನೆ ನಂಬುವ ಪದ್ಧತಿ ಇರಲಿಲ್ಲ. ಎಣ್ಣೆಯವನು ಅಳೆದುಕೊಟ್ಟ ಎಣ್ಣೆಯನ್ನು ಅವ್ವ ಮನೆಯ ಪಾವಿನಲ್ಲಿ ಮತ್ತೆ ಅಳೆಯುತ್ತಿದ್ದಳು. ಅಪ್ಪ ಸಂತೆಯಲ್ಲಿ ಹಲ್ಲು ನೋಡಿಯೇ ಎತ್ತು ಕೊಂಡುತಂದು, ಕೊಟ್ಟಿಗೆಯಲ್ಲಿ ಅದರ ಬಾಯಿ ಬಿಡಿಸಿ ಇನ್ನೊಮ್ಮೆ ನೋಡುತ್ತಿದ್ದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ಮಾತು ಅವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ನಾನು ಆ ಗಾದೆಯ ಮೊದಲರ್ಧವನ್ನು ಮಾತ್ರ ಕಲಿತೆ. ಕಣ್ಣಿಗೆ ಕಂಡರೆ ಸಾಕು, ಪ್ರಮಾಣಿಸುವ ತಾಳ್ಮೆ ನನಗಿರಲಿಲ್ಲ. ಅದರಿಂದ ಒಬ್ಬ ಹುಡುಗನ ಓದೇ ನಿಂತುಹೋಗುವ ಹಾಗಾಯಿತು. ಅದನ್ನು ಈಗ ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ನಾನಾಗ ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಓದುತ್ತಿದ್ದೆ. ನಮ್ಮ ಹಳ್ಳಿಯಿಂದ ಎರಡು ಮೈಲಿ ನಡೆದು ಹೋಗಬೇಕಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೂ ಬರ, ಕಾಗದಕ್ಕೂ ಬರ. ಹಿಂದಿನ ವರ್ಷವಷ್ಟೇ ಚಳವಳಿ ನಡೆದಿತ್ತು. ಸ್ಕೂಲಿನ ಗೋಡೆಯ ಮೇಲೆ ಯಾರೋ ಇದ್ದಲಿನಲ್ಲಿ ಏನೋ ಬರೆದಿದ್ದರು. ಪೊಲೀಸಿನವರು ಬಂದು ನಮ್ಮೆಲ್ಲರ ಕೈಬರಹ ನೋಡಿಹೋಗಿದ್ದರು. ಬರೆದವನು ಸಿಕ್ಕಲಿಲ್ಲ. ಅಂದಿನಿಂದ ಮೇಷ್ಟರುಗಳಿಗೆ ಹುಡುಗರ ಮೇಲೆ ಗುಮಾನಿ, ಹುಡುಗರಿಗೆ ಪಕ್ಕದಲ್ಲಿ ಕೂತವನ ಮೇಲೆ ಗುಮಾನಿ. ನನ್ನಂಥವನಿಗೆ ಹೇಳಿ ಮಾಡಿಸಿದ ವರ್ಷ ಅದು.

ನನ್ನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದವನು ನೇಕಾರರ ಬೀದಿಯ ಹುಡುಗ. ತೆಳ್ಳಗಿನ ಮೈ, ಕಡಿಮೆ ಮಾತು, ಹೆಗಲ ಮೇಲೆ ಯಾವಾಗಲೂ ಒಂದು ಟವಲು. ಅವನ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ಒಂದರಲ್ಲಿ ಅವನ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು, ಇನ್ನೊಂದು ಖಾಲಿ ಇತ್ತು. ಆ ಖಾಲಿ ಗುಂಡಿ ಅವನಿಗಾಗಿಯೇ ಕಾದಿತ್ತು. ಸ್ಕೂಲಿನಲ್ಲಿ ಅವನಿಗೆ ಫೀಸು ಮಾಫಿ. ವರ್ಷವರ್ಷವೂ ಹೆಡ್‌ಮಾಸ್ಟರು ‘ನಡತೆ ಒಳ್ಳೆಯದು’ ಎಂದು ಬರೆದುಕೊಡಬೇಕು. ಆ ಕಾಗದ ಬರುತ್ತಿರುವವರೆಗೆ ಓದು, ನಿಂತ ದಿನ ಗುಂಡಿಗಿಳಿ ಎಂದು ಅಪ್ಪ ಹೇಳಿದ್ದರಂತೆ. ಇದನ್ನು ಅವನೇ ನನಗೆ ಹೇಳಿದ್ದ.

ಇನ್ನೊಂದು ವಿಷಯವನ್ನೂ ಅವನೇ ಹೇಳಿದ್ದ. ಅವರ ಬೀದಿಯಲ್ಲಿ ಹೊರಗಿನವರು ಬಾಗಿಲಿಗೆ ಬಂದರೆ ಮೊದಲು ಮಗ್ಗದ ಮೇಲೆ ಒಂದು ಬಟ್ಟೆ ಹೊದಿಸುತ್ತಾರೆ, ಆಮೇಲೆ ‘ಬನ್ನಿ’ ಎನ್ನುತ್ತಾರೆ. ಒಬ್ಬರ ಸೆರಗಿನ ಚಿತ್ರ ಇನ್ನೊಬ್ಬರ ಕಣ್ಣಿಗೆ ಬಿದ್ದರೆ ವಾರದೊಳಗೆ ಅದು ಇನ್ನೊಂದು ಮಗ್ಗದಲ್ಲಿ ಹುಟ್ಟುತ್ತದಂತೆ.

“ಹಂಗಾದ್ರೆ ನೀನ್ಯಾಕೋ ನಿನ್ನ ಡ್ರಾಯಿಂಗ್ ಪುಸ್ತಕ ನಂಗೆ ತೋರಿಸ್ತೀಯ?” ಎಂದು ಕೇಳಿದ್ದೆ.

“ನೀನೇನು ಹೊರಗಿನವನಾ?” ಎಂದಿದ್ದ.

ನನಗೆ ಖುಷಿಯಾಗಿತ್ತು. ಆದರೆ ಸುಳ್ಳೇಕೆ ಹೇಳಲಿ, ಆ ಖುಷಿಯ ಜೊತೆಗೇ ಇವನಿಗೆ ನನ್ನಿಂದ ಏನೋ ಬೇಕಾಗಿರಬೇಕು ಎಂದೂ ಅನ್ನಿಸಿತ್ತು.

ಆ ವರ್ಷ ಬಂದ ಸ್ಕೂಲು ಇನ್‌ಸ್ಪೆಕ್ಟರು ಗೋಡೆಗೆ ತೂಗುಹಾಕಿದ್ದ ನಮ್ಮ ಚಿತ್ರಗಳನ್ನು ನೋಡಿ, ‘ಇವೆಲ್ಲ ಕ್ಯಾಲೆಂಡರಿನ ಕಾಪಿ’ ಎಂದು ಬರೆದುಹೋದರು. ಡ್ರಾಯಿಂಗ್ ಮೇಷ್ಟರಿಗೆ ಮಾನ ಹೋದಂತಾಯಿತು. ತಲೆಗೊಂದು ಹಾಳೆ ಹಂಚಿ, ಹದಿನೈದು ದಿನ ಗಡುವು ಕೊಟ್ಟರು. “ಹಾಳಾದ್ರೆ ಇನ್ನೊಂದಿಲ್ಲ. ಬರೆದ್ಮೇಲೆ ಒಬ್ಬೊಬ್ಬನೂ ಎದ್ದು ನಿಂತು, ಇದು ಎಲ್ಲಿಂದ ಹುಟ್ಟಿತು ಅಂತ ಹೇಳ್ಬೇಕು. ಸುಳ್ಳು ಹೇಳಿದ್ರೆ ನನಗೆ ಗೊತ್ತಾಗ್ತದೆ” ಎಂದರು.

ನನಗೆ ಚಿತ್ರ ಬರೆಯುವುದು ಬರುತ್ತಿತ್ತು, ಏನು ಬರೆಯಬೇಕೆಂಬುದು ತೋಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಾಗ ಅವಳ ಪೆಟ್ಟಿಗೆ ತೆರೆದೆ. ಅದರಲ್ಲಿ ಅವಳ ಧಾರೆ ಸೀರೆ ಇತ್ತು. ಸೆರಗಿನಲ್ಲಿ ಬೆರಳುದ್ದದ ಜರಿ ಗಿಳಿಗಳು ಒಂದರ ಹಿಂದೊಂದು ಬಲಕ್ಕೆ ನಡೆದಿದ್ದವು. ಒಂದೊಂದರ ಕೊಕ್ಕಿನಲ್ಲೂ ಒಂದು ಎಲೆ. ಇದ್ದ ಅಳತೆಗೇ ಬರೆದೆ, ಹಾಳೆಯ ಅಗಲಕ್ಕೆ ಮೂರು ಗಿಳಿ ಹಿಡಿದವು. ಸೀರೆಯಿಂದ ಬಂದದ್ದೆಂದು ಯಾರಿಗೂ ಗೊತ್ತಾಗದಿರಲಿ ಎಂದು ಕಾಲ ಕೆಳಗೊಂದು ಸೀಬೆ ಕೊಂಬೆ ಎಳೆದೆ. ಅವ್ವನ ಸೀರೆ ನೋಡಿ ಬರೆದೆ ಎಂದರೆ ಆ ಕ್ಲಾಸಿನ ಹುಡುಗರು ನನ್ನನ್ನು ಸಾಯುವವರೆಗೆ ‘ಸೀರೆ’ ಎಂದೇ ಕರೆಯುತ್ತಿದ್ದರು.

ಚಿತ್ರ ಒಪ್ಪಿಸುವ ಹಿಂದಿನ ದಿನ ಬೆಂಚಿನ ಗೆಳೆಯ ಅದನ್ನು ನೋಡಲು ಕೇಳಿದ. ಕೊಟ್ಟೆ. ಅವನ ಮುಖ ಒಮ್ಮೆಲೇ ಅರಳಿತು. ಹಾಳೆಯನ್ನು ಮಗುಚಿ, ನಮ್ಮ ಕ್ಲಾಸಿಗಿದ್ದ ಒಂದೇ ಒಂದು ಗಾಜಿನ ಕಿಟಕಿಗೆ ಒತ್ತಿ ಹಿಡಿದು, ಹಿಂಬದಿಯಿಂದ ಕಾಣುವ ಗೆರೆಗಳನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಅವುಗಳ ಮೇಲೆ ಎಳೆದೂ ನೋಡಿದ.

“ಎಲ್ಲಿ ನೋಡ್ದೆ ಇದನ್ನ?”

“ನಮ್ಮ ಹಿತ್ತಲ ಸೀಬೆ ಮರದಲ್ಲಿ.”

ಅವನು ನಕ್ಕ. “ಸರಿ ಬಿಡು. ನಾಳೆ ನಂದು ನೋಡುವೆಯಂತೆ” ಎಂದು ಹಾಳೆ ವಾಪಸು ಕೊಟ್ಟ. ಆ ನಗು ನನಗೆ ಹಿಡಿಸಲಿಲ್ಲ. ಹಾಳೆಯನ್ನು ಮುಂದಿನಿಂದ ನೋಡುವುದು ಬಿಟ್ಟು ಹಿಂದಿನಿಂದ ಯಾಕೆ ನೋಡಿದ? ದಾರಿಯುದ್ದಕ್ಕೂ ಅದೇ ಯೋಚನೆ.

ಮರುದಿನ ಒಬ್ಬೊಬ್ಬರಾಗಿ ಎದ್ದು ನಿಂತೆವು. ಮೊದಲನೆಯವನು ನಂದಿಬೆಟ್ಟದ ಹಿಂದೆ ಸೂರ್ಯ ಮುಳುಗುವುದನ್ನು ಬರೆದಿದ್ದ. ನಮ್ಮ ಹೊಲದಿಂದ ಕಾಣುತ್ತದೆ ಎಂದ. “ನಮ್ಮೂರಿಂದ ಬೆಟ್ಟ ಪೂರ್ವಕ್ಕಲ್ಲವೇನೋ? ಅಲ್ಲಿ ಸೂರ್ಯ ಹೇಗೆ ಮುಳುಗ್ತಾನೆ?” ಎಂದರು ಮೇಷ್ಟರು. “ಮುಳುಗೋದಲ್ಲ ಸಾ, ಹುಟ್ಟೋದು” ಎಂದು ಅವನು ಬಣ್ಣ ಬದಲಿಸಿದ. ಇನ್ನೊಬ್ಬ ಚರಕದ ಮುಂದೆ ಕೂತ ಬೋಳುತಲೆಯ ಮುದುಕನನ್ನು ಬರೆದು, ನಮ್ಮ ತಾತ ಎಂದ. “ನಿಮ್ಮ ತಾತಂಗೆ ಕನ್ನಡಕ ಯಾವಾಗ ಬಂತೋ?” ಎಂದು ಮೇಷ್ಟರು ಆ ಹಾಳೆಯನ್ನು ಸುರುಳಿ ಸುತ್ತಿ ಅವಸರವಾಗಿ ಮೇಜಿನ ಒಳಗಿಟ್ಟರು. ಕ್ಲಾಸೆಲ್ಲ ನಕ್ಕಿತು, ಮೇಷ್ಟರು ಮಾತ್ರ ಬಾಗಿಲ ಕಡೆ ನೋಡಿದರು.

ನನ್ನ ಸರದಿ ಬಂದಾಗ ಸೀಬೆ ಮರದ ಕಥೆ ಹೇಳಿದೆ. ಬೆಳಗಿನ ಬಿಸಿಲು, ಅರ್ಧ ತಿಂದ ಹಣ್ಣು, ಸದ್ದಾದರೆ ಹಾರಿಹೋಗುತ್ತವೆಂದು ನಾನು ಉಸಿರು ಬಿಗಿಹಿಡಿದದ್ದು, ಎಲ್ಲ ಸೇರಿಸಿದೆ. ಹೇಳುತ್ತ ಹೇಳುತ್ತ ನನಗೇ ನಂಬಿಕೆ ಬಂತು. ಮೇಷ್ಟರು “ಭೇಷ್” ಎಂದರು.

ನನ್ನ ನಂತರ ಅವನು ಹಾಳೆ ಬಿಚ್ಚಿದ. ಅದರಲ್ಲಿ ಅವೇ ಮೂರು ಗಿಳಿ. ಅದೇ ಅಳತೆ, ಕೊಕ್ಕಿನಲ್ಲಿ ಅದೇ ಎಲೆ. ಆದರೆ ಮೂರೂ ಎಡಕ್ಕೆ ನಡೆದಿದ್ದವು. ಕೊಂಬೆ ಇರಲಿಲ್ಲ. ಒಂದು ಗಿಳಿಯಿಂದ ಇನ್ನೊಂದಕ್ಕೆ ತೆಳ್ಳನೆಯ ಗೆರೆಗಳು ಅಡ್ಡಡ್ಡ ಹೋಗಿದ್ದವು.

“ನಮ್ಮ ಮಗ್ಗದಲ್ಲಿದೆ ಸಾ. ನಮ್ಮ ತಾತನ ಕಾಲದ ಗಿಳಿ” ಎಂದ.

ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ. “ಸುಳ್ಳು ಸಾರ್! ನೆನ್ನೆ ನನ್ನ ಹಾಳೆನ ಮಗುಚಿ ಕಿಟಕಿಗೆ ಹಿಡಿದಿದ್ದ. ಗೆರೆ ಮೇಲೆ ಬೆರಳು ಆಡಿಸ್ತಿದ್ದ. ನಾನೇ ನೋಡಿದ್ದೀನಿ. ಅದಕ್ಕೇ ತಿರುಗಿಕೊಂಡಿವೆ!”

ಮೇಷ್ಟರು ನನ್ನ ಹಾಳೆ ಮಗುಚಿ ಅವನ ಹಾಳೆಯ ಕೆಳಗಿಟ್ಟು ಕಿಟಕಿಯ ಗಾಜಿಗೆ ಹಿಡಿದರು. ಗಿಳಿಯ ಮೇಲೆ ಗಿಳಿ ಸರಿಯಾಗಿ ಕೂತಿತು. ಕ್ಲಾಸಿನಲ್ಲಿ ಪಿಸುಪಿಸು ಎದ್ದಿತು.

“ಈ ಗೆರೆಗಳೇನೋ?”

“ಎಳೆ ಸಾ. ಅದು ಹಂಗೇ ಇರ್ತದೆ.”

“ಎಳೆಯಂತೆ! ಅಳತೆ ಹಿಡಿಯೋಕೆ ಗೆರೆ ಹಾಕಿದ್ದೀಯ, ಅಳಿಸೋದು ಮರೆತಿದ್ದೀಯ.”

ಅವನು ಮೇಷ್ಟರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: “ಸೀಬೆ ಎಲೆ ಮೂರು ಸೀಳಾಗಿರ್ತದೇನೋ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಹಾಳೆಯ ಕಡೆ ನೋಡಿದೆ. ಕೊಕ್ಕಿನ ಎಲೆಗೆ ಮೂರು ತುದಿ ಇದ್ದವು, ಸೆರಗಿನಲ್ಲಿ ಹೇಗಿತ್ತೋ ಹಾಗೆ. ಅವನು ಕೇಳುವವರೆಗೆ ನಾನದನ್ನು ಗಮನಿಸಿಯೇ ಇರಲಿಲ್ಲ. ಈಗಲಾದರೂ ‘ನಂದು ಸೀರೆಯದು’ ಎಂದುಬಿಡಬಹುದಿತ್ತು. ನಾನು ಹೇಳಿದ್ದು ಸುಳ್ಳು ಸರಿ, ಆದರೆ ಇವನು ಮಾಡಿದ್ದು ಕಳ್ಳತನ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ.

“ತಪ್ಪು ಮಾಡಿ ಎದುರುಮಾತು ಬೇರೆ!” ಎಂದು ಮೇಷ್ಟರು ಅವನನ್ನು ಹೆಡ್‌ಮಾಸ್ಟರ ಕೋಣೆಗೆ ಕರೆದುಕೊಂಡು ಹೋದರು. ಆ ವರ್ಷದ ನಡತೆಯ ಕಾಗದಕ್ಕೆ ಸಹಿ ಬೀಳಲಿಲ್ಲ. ಮರುದಿನ ಬೆಂಚಿನಲ್ಲಿ ನಾನೊಬ್ಬನೇ ಇದ್ದೆ.

ಎರಡು ದಿನ ಗೆದ್ದವನಂತೆ ಓಡಾಡಿದೆ. ಆದರೆ ಆ ಎಲೆಯ ಪ್ರಶ್ನೆ ಕಾಲಿಗೆ ಮುರಿದ ಮುಳ್ಳಿನಂತೆ ಒಳಗೇ ಉಳಿದಿತ್ತು. ಮೂರನೆಯ ದಿನ ಹಿತ್ತಲಿಗೆ ಹೋಗಿ ಸೀಬೆ ಎಲೆ ಕಿತ್ತು ನೋಡಿದೆ. ಯಾವುದಕ್ಕೂ ಸೀಳಿಲ್ಲ. ಹುಟ್ಟಿದಾಗಿನಿಂದ ಕಂಡ ಮರ, ಅದರ ಎಲೆಗೆ ಒಂದೇ ತುದಿ ಎಂದು ಅಂದು ನೋಡಿ ತಿಳಿದುಕೊಂಡೆ! ಒಳಗೆ ಬಂದು ಪೆಟ್ಟಿಗೆ ತೆರೆದು ಸೀರೆ ಹರಡಿಕೊಂಡು ಕೂತಿದ್ದಾಗ ಅವ್ವ ಬಂದುಬಿಟ್ಟಳು.

“ಅವತ್ತೇ ಅಂದ್ಕೊಂಡೆ, ಸೀರೆ ಮಡಿಕೆ ಬದಲಾಗೈತೆ ಅಂತ! ಯಾರಿಗೆ ಕೊಡಕ್ಲಾ ತೆಗ್ದಿರೋದು?”

ಯಾರಿಗೂ ಇಲ್ಲ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಸೀರೆ ಕಿತ್ತುಕೊಂಡು, ಎಲ್ಲಾದರೂ ಹರಿದಿದೆಯೋ ಎಂದು ಬಾಗಿಲ ಬೆಳಕಿಗೆ ತಂದು ಸೆರಗನ್ನು ಮಗುಚಿದಳು.

ಗಿಳಿಗಳು ಎಡಕ್ಕೆ ನಡೆದಿದ್ದವು. ಒಂದರಿಂದ ಇನ್ನೊಂದಕ್ಕೆ ಜರಿಯ ಎಳೆಗಳು ಅಡ್ಡಡ್ಡ ಹೋಗಿದ್ದವು.

“ಇದೇನವ್ವ ಗೆರೆ?”

“ಎಳೆ ಕಣ್ಲಾ. ಒಂದು ಗಿಣಿ ನೇಯ್ದು ಇನ್ನೊಂದಕ್ಕೆ ಹೋಗ್ಬೇಕಾದ್ರೆ ಜರಿ ಏನು ಹಾರ್ಕೊಂಡು ಹೋಗ್ತದಾ? ಹಿಂದ್ಗಡೆಯಿಂದ ಹೋಗ್ತದೆ.”

“ಈ ಸೀರೆ ಎಲ್ಲಿ ತಂದಿದ್ದು?”

“ಇಲ್ಲೇ, ಬಳ್ಳಾಪುರದ ನೇಕಾರರ ಬೀದೀಲಿ. ನನ್ನ ಧಾರೆಗೆ ಅಂತ ನಿಮ್ಮ ತಾತ ಹೇಳಿ ನೇಯ್ಸಿದ್ದು.”

ನಾನು ಹಾಗೇ ಗೋಡೆಗೆ ಒರಗಿದೆ. ಆಗಲೂ ಮನಸ್ಸು ತಪ್ಪಿಸಿಕೊಳ್ಳಲು ಸಂದು ಹುಡುಕುತ್ತಿತ್ತು. ಸಿಗಲಿಲ್ಲ. ನನ್ನ ಹಾಳೆಯಲ್ಲಿ ಎಳೆಗಳೇ ಇರಲಿಲ್ಲ. ನನ್ನದನ್ನು ನೋಡಿ ತೆಗೆದಿದ್ದರೆ ಅವನಿಗೆ ಅವು ಎಲ್ಲಿಂದ ಬರಬೇಕು? ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅಳು ಬಂತು, ಅತ್ತೆ.

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ” ಎಂದಳು ಅವ್ವ. ಆ ಮಾತು ಅವಳ ಬಾಯಲ್ಲಿ ಬಂದದ್ದಕ್ಕೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಮರುದಿನ ಡ್ರಾಯಿಂಗ್ ಮೇಷ್ಟರ ಹತ್ತಿರ ಹೋಗಿ, ತಪ್ಪು ನನ್ನದು, ನಾನು ಬರೆದದ್ದು ಅವ್ವನ ಸೀರೆ ನೋಡಿ, ಆ ಸೀರೆ ಅವರ ಬೀದಿಯದೇ ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. “ಯಾರು ಹೇಳಿಕೊಟ್ಟರು ನಿಂಗೆ? ದಾರೀಲಿ ಅಡ್ಡಹಾಕಿ ಹೆದರಿಸಿದನಾ?” ಎಂದರು. ಇಲ್ಲ ಎಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ನನ್ನ ಸುಳ್ಳನ್ನು ಒಂದೇ ಸಲಕ್ಕೆ ನಂಬಿದವರು ನನ್ನ ನಿಜವನ್ನು ನಂಬಲಿಲ್ಲ. ಕೊನೆಗೆ, “ಆ ಸೀರೆ ತಗೊಂಡು ಬಾ, ನೋಡೋಣ” ಎಂದರು.

ಅವ್ವನನ್ನು ಕೇಳಿದೆ. “ನನ್ನ ಧಾರೆ ಸೀರೆನ ನಿನ್ನ ಕೈಗೆ ಕೊಡೋದಾ? ನಿಮ್ಮ ಮೇಷ್ಟ್ರ ಕೈಗೆ ಕೊಡೋದಾ? ಚೆನ್ನಾಗೈತೆ!” ಎಂದು ತಾನೇ ಹೊರಟುನಿಂತಳು. ಸೀರೆಯನ್ನು ಬಿಳಿ ಪಂಚೆಯಲ್ಲಿ ಗಂಟುಕಟ್ಟಿ ಕಂಕುಳಲ್ಲಿಟ್ಟುಕೊಂಡು, ಎರಡು ಮೈಲಿ ನನ್ನ ಮುಂದೆಯೇ ನಡೆದಳು. ಸ್ಕೂಲಿನ ಮೆಟ್ಟಿಲು ಅವಳು ಹತ್ತಿದ್ದು ಅದೊಂದೇ ಸಲ. ಕ್ಲಾಸಿನ ಎದುರಿಗೆ, ಮೇಷ್ಟರ ಮೇಜನ್ನು ತನ್ನ ಸೆರಗಿನಿಂದ ಒರೆಸಿ, ಗಂಟು ಬಿಚ್ಚಿ ಸೀರೆ ಹರಡಿದಳು. ಹಿಂದಿನ ಬೆಂಚಿನಿಂದ ಯಾರೋ “ಸೀರೆ” ಎಂದು ಕೂಗಿದರು. ನಾನು ಹೆದರಿದ್ದ ಮಾತೇ ಅದು. ಹೈಸ್ಕೂಲು ಮುಗಿಯುವವರೆಗೆ ನನ್ನ ಹೆಸರು ಅದೇ ಆಯಿತು.

ಮೇಷ್ಟರು ಅವನ ಹಾಳೆಯನ್ನು ತಂದು ಸೆರಗಿನ ಹಿಂಬದಿಯ ಪಕ್ಕ ಇಟ್ಟರು. ಗಿಳಿಗಳನ್ನು ನೋಡಿದರು, ಎಳೆಗಳನ್ನು ನೋಡಿದರು, ಎಲೆಯ ಮೂರು ತುದಿಗಳನ್ನು ಬೆರಳಿಟ್ಟು ಎಣಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹಾಳೆ ಎತ್ತಿಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದವರು, ಸಹಿಯಾದ ನಡತೆಯ ಕಾಗದ ಹಿಡಿದು ಬಂದರು. “ಹೋಗು, ನೀನೇ ಕೊಟ್ಟು ಕರ್ಕೊಂಡು ಬಾ” ಎಂದರು ನನಗೆ.

ಅವ್ವನೂ ಬಂದಳು. ನೇಕಾರರ ಬೀದಿಯ ಆ ಮನೆಯ ಹೊಸ್ತಿಲ ಮೇಲೆ ನಮ್ಮ ನೆರಳು ಬಿದ್ದದ್ದೇ ಲಾಳಿಯ ಸದ್ದು ನಿಂತಿತು. ಅವನ ಅಪ್ಪ ಮಗ್ಗದ ಮೇಲೆ ಬಟ್ಟೆ ಎಳೆದು, ಒಳಗೆ ಯಾರಿಗೋ ತೆಲುಗಿನಲ್ಲಿ ಏನೋ ಹೇಳಿ, ಆಮೇಲೆ “ಏನಮ್ಮಾ, ಯಾರು ಬೇಕಾಗಿತ್ತು?” ಎಂದರು. ಅವರ ಕಣ್ಣು ಅವ್ವನ ಕಂಕುಳ ಗಂಟಿನ ಮೇಲಿತ್ತು. ಎರಡನೆಯ ಗುಂಡಿಯಲ್ಲಿ ನನ್ನ ಗೆಳೆಯ ಕೂತಿದ್ದ. ಆ ಮಗ್ಗಕ್ಕೆ ಹೊಸ ಹಾಸಿನ ಉದ್ದೆಳೆಗಳನ್ನು ಕಟ್ಟಿ ಆಗಿತ್ತು. ಅವನು ತಲೆಯೆತ್ತಲಿಲ್ಲ.

“ಸೀರೇಲೇನಾದ್ರೂ ತಕರಾರಾ?” ಎಂದರು ಅವನ ಅಪ್ಪ.

“ತಕರಾರು ಸೀರೇದಲ್ಲ ಕಣಣ್ಣ, ನನ್ನ ಮಗಂದು” ಎಂದು ಅವ್ವ ಗಂಟು ಬಿಚ್ಚಿದಳು.

ಅವರು ಸೆರಗನ್ನು ಕೈಗೆ ತೆಗೆದುಕೊಂಡರು. ಮುಂಬದಿಯನ್ನು ನೋಡಲೇ ಇಲ್ಲ. ಮಗುಚಿ, ಎಳೆಗಳ ಮೇಲೆ ಬೆರಳು ಆಡಿಸಿದರು. ಅವನು ಕಿಟಕಿಗೆ ನನ್ನ ಹಾಳೆ ಹಿಡಿದು ಆಡಿಸಿದ ಹಾಗೆಯೇ.

“ನಮ್ಮಪ್ಪನ ಕೈ ಇದು” ಎಂದರು. ಅವರ ದನಿ ಮೆತ್ತಗಾಗಿತ್ತು. “ನೋಡಮ್ಮಾ, ಈ ಎಲೆ. ಎಣಿಕೇಲಿ ಒಂದೆಳೆ ತಪ್ಪಿ ಎತ್ತಿದ್ದರು, ಎಲೆ ಸೀಳ್ಕೊಂಡ್ತು. ಬಿಚ್ಚೋದು ಬೇಡ, ಇದೇ ನಮ್ಮನೆ ಗುರುತಾಗ್ಲಿ ಅಂದ್ರು. ಅವತ್ತಿಂದ ನಾವು ತಪ್ಪೇ ನೇಯ್ತೀವಿ.”

ನಾನು ಮಾಡಿದ್ದನ್ನು ಅವ್ವ ಒಂದೂ ಬಿಡದೆ ಹೇಳಿದಳು. ಅವರು ನನ್ನನ್ನು ಬೈಯಲಿಲ್ಲ. ಮಗ್ಗದ ಮೇಲಿನ ಬಟ್ಟೆಯನ್ನು ಮೆಲ್ಲಗೆ ಸರಿಸಿದರು. “ಬಾಪ್ಪಾ, ಇಲ್ಲಿ ಕೂತು ನೋಡು. ನೇಯೋವಾಗ ಸೀರೆ ಮುಖ ಕೆಳಗಿರ್ತದೆ. ನಮಗೆ ಕಾಣೋದು ಬೆನ್ನೇ.” ನೇಯ್ಗೆಯ ಮೇಲೆ ಗಿಳಿಗಳು ಎಡಕ್ಕೆ ನಡೆದಿದ್ದವು. ಅವರು ಗೋಡೆಯ ಗೂಡಿನಿಂದ ಅಂಗೈಯಗಲದ ಕನ್ನಡಿ ತೆಗೆದು ಸೀರೆಯ ಕೆಳಗೆ ಹಿಡಿದರು. ಅದರೊಳಗೆ ನನ್ನ ಗಿಳಿಗಳು, ಜರಿ ಹೊಳೆಯುತ್ತ, ಒಂದೂ ಅಡ್ಡ ಎಳೆಯಿಲ್ಲದೆ ಕಂಡವು. “ಸರಿಯಾಗಿದೆಯೋ ಅಂತ ಆಗಾಗ ಹಿಂಗೆ ನೋಡ್ಕೋತೀವಿ. ಇವನು ಹುಟ್ಟಿದಾಗಿಂದ ನನ್ನ ಪಕ್ಕ ಕೂತು ಎಳೆ ಎತ್ತಿದೋನು. ಅವನಿಗೆ ಗಿಳಿ ಅಂದ್ರೆ ಹಿಂಗೇ.”

ನನ್ನ ಚಿತ್ರವನ್ನು ಅವನು ಕಿಟಕಿಗೆ ಹಿಡಿದದ್ದು ಯಾಕೆಂದು ಆಗ ತಿಳಿಯಿತು. ತನ್ನ ಮನೆಯ ಗಿಳಿಯನ್ನು ತನಗೆ ಗುರುತಿರುವ ಕಡೆಯಿಂದ ನೋಡಿದ್ದ, ಅಷ್ಟೇ. ಅಷ್ಟಕ್ಕೇ ಅವನ ಮುಖ ಅರಳಿತ್ತು.

ಕಾಗದ ಹಿಡಿದು ಎರಡನೆಯ ಗುಂಡಿಯ ಹತ್ತಿರ ಹೋದೆ.

“ನನ್ನ ಚಿತ್ರ ಸೀರೇದು ಅಂತ ನಿಂಗೆ ಅವತ್ತೇ ಗೊತ್ತಿತ್ತಲ್ಲ. ಯಾಕೋ ಹೇಳ್ಲಿಲ್ಲ?”

ಅವನು ಹಾಸಿನ ಎಳೆಗಳನ್ನೇ ನೋಡುತ್ತಿದ್ದ. “ನೀನೇ ಹೇಳ್ತೀಯ ಅಂತ ಕಾದೆ” ಎಂದ.

ಕಾಗದಕ್ಕೆ ಅವನು ಕೈ ಚಾಚಲಿಲ್ಲ. ಅವನ ಅಪ್ಪನೇ ತೆಗೆದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿ, ಮಗನಿಗೆ ಎದ್ದು ಬಾ ಎಂದರು.

ಸೋಮವಾರ ಅವನು ಸ್ಕೂಲಿಗೆ ಬಂದ. ನಮ್ಮ ಬೆಂಚಿನಲ್ಲೇ, ಕಿಟಕಿಯ ಪಕ್ಕದ ತನ್ನ ಜಾಗದಲ್ಲೇ ಕೂತ. ಲೆಕ್ಕದಲ್ಲಿ ನನಗೆ ಉತ್ತರ ಬಾರದಿದ್ದಾಗ ಹೇಳಿಕೊಟ್ಟ. ನನ್ನ ಬುತ್ತಿಯ ಹುಚ್ಚೆಳ್ಳು ಚಟ್ನಿಯನ್ನು ಮೊದಲಿನಂತೆ ಕೇಳಿ ತಿಂದ. ಎಲ್ಲ ಸರಿಹೋಯಿತು ಎಂದುಕೊಂಡೆ. ಮಧ್ಯಾಹ್ನ ಡ್ರಾಯಿಂಗ್ ಪೀರಿಯಡ್ ಶುರುವಾಯಿತು. ಅವನು ಪುಸ್ತಕ ತೆರೆದು ಏನೋ ಬರೆಯುತ್ತಿದ್ದ. ನಾನು ಎಂದಿನಂತೆ ಏನು ಬರೆಯುತ್ತಿದ್ದಾನೆಂದು ನೋಡಲು ಅವನ ಕಡೆ ಬಾಗಿದೆ. ಅವನು ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವಲನ್ನು ತೆಗೆದು ಪುಸ್ತಕದ ಮೇಲೆ ಹೊದಿಸಿ, ನನ್ನ ಕಡೆ ತಿರುಗಿ, “ಏನೋ?” ಎಂದ.